ಜಾಜಿಯಾ ಚಿಕ್ಕಮ್ಮನ ಗೆರೆ

ಬೆಳಗಿನ ಐದು ಗಂಟೆ. ಸ್ಫಾಕ್ಸ್ ಊರು ರಮಜಾನಿನ ನಸುಕಿನ ಸಹರಿ ಊಟ ಮುಗಿಸಿ, ನಮಾಜು ಮಾಡಿ, ಮತ್ತೆ ಹಾಸಿಗೆಗೆ ಬಿದ್ದಿದೆ. ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಮೂರನೇ ಮಹಡಿಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಅದರ ಕೆಳಗೆ ಐವತ್ತೆಂಟು ವರ್ಷದ ಹೆಂಗಸೊಬ್ಬರು ಗಾಜಿನ ಮರೆಯ ಮೇಜಿಗೆ ತೋಳು ಚಾಚಿ ಕೂತಿದ್ದಾರೆ. ಎಡಗೈಯಲ್ಲಿ ಅಂಗೈಗಿಂತ ಚಿಕ್ಕ ಬಟ್ಟಲು. ಬಟ್ಟಲ ತಳದಲ್ಲಿ ಕ್ಯಾನ್ಸರಿನ ಜೀವಕಣಗಳು ಒಂದಕ್ಕೊಂದು ಒತ್ತಿಕೊಂಡು ಹಾಸಿವೆ, ಬರಿಗಣ್ಣಿಗೆ ಕಾಣದಷ್ಟು ತೆಳ್ಳಗೆ. ಬಲಗೈಯಲ್ಲಿ ಪ್ಲಾಸ್ಟಿಕ್ಕಿನ ಚೂಪು ಕೊಳವೆ. ಉಸಿರು ಬಿಗಿಹಿಡಿದು, ಅದರ ತುದಿಯನ್ನು ತಳಕ್ಕೆ ಮುಟ್ಟಿಸಿ, ಮೇಲಿನಿಂದ ಕೆಳಕ್ಕೆ ಒಂದೇ ಎಳೆತ.

ಗೆರೆ ಬಿತ್ತು. ಅವರು ಉಸಿರು ಬಿಡುತ್ತಾರೆ. ಮುಂದಿನ ಬಟ್ಟಲು.

ಇವರು ಜಾಜಿಯಾ ಬಿಂತ್ ಸಾಸಿ. ಇಲ್ಲಿ ಎಲ್ಲರಿಗೂ ಜಾಜಿಯಾ ಚಿಕ್ಕಮ್ಮ. ಹದಿನೆಂಟು ವರ್ಷದಿಂದ ಇಲ್ಲಿದ್ದಾರೆ, ಹದಿನಾರು ವರ್ಷದಿಂದ ಈ ಕಣಗಳನ್ನು ಸಾಕುತ್ತಿರುವವರು ಇವರೇ. ಈಗ ಅವರು ಕೂತಿರುವ ಕೋಣೆಯ ಬಾಗಿಲ ಮೇಲೆ ಹೊರಗಡೆ ಒಂದು ಕಾಗದ ಅಂಟಿಸಿದ್ದಾರೆ. ಕಂಪ್ಯೂಟರಿನಲ್ಲಿ ಮುದ್ರಿಸಿದ್ದು, ಕೆಳಗೆ ಮೊಹರು, ಸಹಿ. ಅದರಲ್ಲಿ ಇರುವುದು ಇಷ್ಟು: "ಸ್ವಚ್ಛತಾ ಕೆಲಸದಾಕೆ ಜಾಜಿಯಾ ಬಿಂತ್ ಸಾಸಿ ಇವರಿಗೆ ಕಣಗಳ ಕೋಣೆಗೆ ಪ್ರವೇಶವಿಲ್ಲ."

ಪ್ರವೇಶವಿಲ್ಲ ಎಂದು ಬರೆದವರೇ ಬೆಳಗಿನ ಐದಕ್ಕೆ ಬಾ ಎಂದು ಕರೆಸುತ್ತಾರೆ. ಕೆಲಸ ಬೇಕು, ಮುಖ ಬೇಡ. ಇಂಥವರನ್ನು ಎಲೆಮರೆಯ ಕಾಯಿ ಎಂದು ಕರೆದು ನಾವು ಪುಟ ತುಂಬಿಸುತ್ತೇವೆ. ಆ ಎಲೆ ಯಾರದು, ಅಡ್ಡ ಹಿಡಿದವರು ಯಾರು ಎಂದು ಮಾತ್ರ ಕೇಳುವುದಿಲ್ಲ. ಈ ಸಲ ಕೇಳೋಣ.

ಈ ಕೋಣೆಯಲ್ಲಿ ಕಣಗಳನ್ನು ಬೆಚ್ಚಗಿಡುವ ಪೆಟ್ಟಿಗೆಗಳಿವೆ. ಅವುಗಳಿಗೆ ಗ್ಯಾಸ್ ಬೇಕು. ಆ ಸಿಲಿಂಡರನ್ನು ಮೂರು ಮಹಡಿ ಹೊತ್ತು ತರುವವನು ನಾನು, ಬಿಡುವಾದಾಗ ಪೇಪರಿಗೆ ಬರೆಯುವವನೂ ನಾನೇ. ಆರು ವರ್ಷದಿಂದ ನೋಡುತ್ತಿದ್ದೇನೆ. ಚಿಕ್ಕಮ್ಮನ ದಿನ ಹೀಗಿರುತ್ತದೆ: ನಲವತ್ತು ಬಟ್ಟಲು, ನೂರಿಪ್ಪತ್ತು ಬಾಟಲಿ, ಎರಡು ಮಹಡಿ ನೆಲ. ಕಣಗಳಿಗೆ ಎರಡು ದಿನಕ್ಕೊಮ್ಮೆ ಊಟ ಬದಲಿಸಬೇಕು. ಹಬ್ಬ, ಮುಷ್ಕರ, ಮದುವೆ ಯಾವುದೂ ಅವಕ್ಕೆ ಗೊತ್ತಿಲ್ಲ. ಹಾಗಾಗಿ ಚಿಕ್ಕಮ್ಮನಿಗೂ ಇಲ್ಲ. ಅವರ ಹುದ್ದೆಯ ಹೆಸರು ಇವತ್ತಿಗೂ ನೆಲ ಒರೆಸುವವರು. ಮೂರು ತಿಂಗಳಿಗೊಮ್ಮೆ ಕೆಲಸ ಮುಗಿಯಿತೆಂದು ಸಹಿ, ಮಾರನೇ ದಿನ ಹೊಸದಾಗಿ ಸೇರಿದೆನೆಂದು ಸಹಿ. ತಂತ್ರಜ್ಞರ ಹುದ್ದೆ ತೆರೆಯಲು ಹಣವಿಲ್ಲವಂತೆ. ಹೋದ ವರ್ಷ ಬಾಗಿಲಲ್ಲಿ ಅಮೃತಶಿಲೆ ಹಾಸಲು ಇತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ.

"ಪೇಪರಲ್ಲಿ ಬರೆದ್ರೆ ನಿಮ್ಮ ಕೆಲಸ ಹೋಗಲ್ವಾ ಚಿಕ್ಕಮ್ಮ?" ಎಂದು ನಾನು ಕೇಳುತ್ತೇನೆ.

"ಎಪ್ಪತ್ತೆರಡು ಸಲ ಹೋಗಿ ಬಂದಿದೆ," ಅನ್ನುತ್ತಾರೆ. "ದಾರಿ ಗೊತ್ತು ಅದಕ್ಕೆ. ನೀನು ಬರಿ."

ಚಿಕ್ಕಮ್ಮ ಕೆರ್ಕೆನ್ನಾ ದ್ವೀಪದವರು. ಅಪ್ಪ ಆಕ್ಟೋಪಸ್ ಹಿಡಿಯುತ್ತಿದ್ದವರು, ಮಣ್ಣಿನ ಮಡಕೆಗಳನ್ನು ಹಗ್ಗಕ್ಕೆ ಕಟ್ಟಿ ಸಮುದ್ರಕ್ಕೆ ಇಳಿಸಿ. ಮೀನು ಸೀಳುವುದು ಮನೆಯ ಹೆಣ್ಣುಮಕ್ಕಳ ಕೆಲಸ. ಕತ್ತಿ ಕಿವಿರಿನ ಹತ್ತಿರ ಇಟ್ಟರೆ ಬಾಲದ ತನಕ ನಿಲ್ಲಿಸುವಂತಿಲ್ಲ. ನಿಂತರೆ ಕರುಳು ಹರಿದು ಮಾಂಸ ಕಹಿ. ಆ ಕೈಯೇ ಈ ಕೈ. ಸಂಸ್ಥೆಗೆ ಸೇರಿದ ಎರಡನೇ ವರ್ಷ, ಆಗ ಇದ್ದ ಮುದುಕ ತಂತ್ರಜ್ಞರ ಕೈ ನಡುಗುತ್ತಿತ್ತು. ಒಂದು ದಿನ ಬೇಸತ್ತು, "ನೀನೇ ಎಳಿ ನೋಡೋಣ, ನನಗಿಂತ ಕೆಟ್ಟದಾಗಿ ಎಳೆಯೋಕೆ ಯಾರಿಗೂ ಆಗಲ್ಲ," ಎಂದರಂತೆ. ಎಳೆದರು. ಮುದುಕರು ಸೂಕ್ಷ್ಮದರ್ಶಕದಲ್ಲಿ ನೋಡಿ, ಎದ್ದು, ತಮ್ಮ ಸ್ಟೂಲು ಇವರ ಕಡೆ ತಳ್ಳಿದರು. ಉಳಿದದ್ದನ್ನೆಲ್ಲ ಅವರೇ ಕಲಿಸಿ ನಿವೃತ್ತರಾದರು. ಆ ಸ್ಟೂಲಿಗೆ ಬೇರೆ ಯಾರನ್ನೂ ನೇಮಿಸಲಿಲ್ಲ. ಯಾಕೆ ನೇಮಿಸುತ್ತಾರೆ, ನೆಲ ಒರೆಸುವವರ ಸಂಬಳಕ್ಕೆ ತಂತ್ರಜ್ಞೆ ಸಿಕ್ಕಿದ ಮೇಲೆ?

ಗೆರೆ ಯಾಕೆ ಬೇಕು? ಒತ್ತೊತ್ತಾಗಿ ಹಾಸಿದ ಕಣಗಳ ನಡುವೆ ಗೆರೆ ಎಳೆದರೆ ಅಲ್ಲೊಂದು ಖಾಲಿ ದಾರಿ ಆಗುತ್ತದೆ. ಎರಡು ಕಡೆಯ ಕಣಗಳು ಆ ದಾರಿಗೆ ಇಳಿದು ನಡೆಯುತ್ತವೆ. ಎಷ್ಟು ಹೊತ್ತಿಗೆ ಎಷ್ಟು ನಡೆದವು ಎಂದು ಚಿತ್ರ ತೆಗೆದು ಅಳೆಯುತ್ತಾರೆ. ಆಮೇಲೆ ಕಣದೊಳಗಿನ ಒಂದು ಪ್ರೋಟೀನನ್ನು ಕೆಲಸ ಮಾಡದಂತೆ ತಡೆದು ಮತ್ತೆ ಅಳೆಯುತ್ತಾರೆ. ಗೆರೆ ಸೊಟ್ಟಗಿದ್ದರೆ ಅಳತೆಯೆಲ್ಲ ಸುಳ್ಳು. ಒತ್ತಿ ಎಳೆದರೆ ಬಟ್ಟಲ ತಳಕ್ಕೆ ಗೀರು ಬೀಳುತ್ತದೆ. ಮೆತ್ತಗೆ ಎಳೆದರೆ ದಾರಿಯಲ್ಲೇ ಕಣ ಉಳಿಯುತ್ತದೆ. ಪುಸ್ತಕದಲ್ಲಿ ಇದಕ್ಕೆ ಗಾಯ ಮಾಯುವ ಪರೀಕ್ಷೆ ಎಂದು ಹೆಸರು.

"ಮಾಯೋದಂತೆ," ಅನ್ನುತ್ತಾರೆ ಚಿಕ್ಕಮ್ಮ. "ಕಳ್ಳ ಮನೆಗೆ ನುಗ್ಗಿದ್ರೆ ನೆಂಟ ಬಂದ ಅಂತ ಬರೀತಾರಾ?"

ಕಣ ನಡೆಯುವುದು ಹೇಗೆ ಎಂದು ಅವರು ನನಗೆ ಹೇಳಿಕೊಟ್ಟದ್ದು ಬಾಟಲಿ ತೊಳೆಯುವ ತೊಟ್ಟಿಯ ಹತ್ತಿರ, ನೊರೆಯ ಕೈಯಲ್ಲಿ. "ಆಕ್ಟೋಪಸ್ ಬಂಡೆ ಮೇಲೆ ನಡೆಯೋದು ನೋಡಿದೀಯಾ? ಮೊದಲು ಒಂದು ಕೈ ಮುಂದಕ್ಕೆ ಚಾಚುತ್ತೆ. ಆ ಕೈಯಲ್ಲಿ ಬಂಡೆ ಹಿಡ್ಕೊಳ್ಳುತ್ತೆ. ಆಮೇಲೆ ಮೈ ಎಳ್ಕೊಳ್ಳುತ್ತೆ. ಕೊನೆಗೆ ಹಿಂದಿನ ಕೈ ಬಿಡುತ್ತೆ. ಕಣನೂ ಹಂಗೇ. ಚಾಚೋಕೆ ಒಂದು ಪ್ರೋಟೀನು, ಹಿಡಿಯೋಕೆ ಒಂದು, ಎಳೆಯೋಕೆ ಒಂದು, ಬಿಡೋಕೆ ಒಂದು. ಎಲ್ಲಾರೂ ಚಾಚೋದು, ಹಿಡಿಯೋದು ನೋಡ್ತಾರೆ. ಬಿಡದೆ ಇದ್ರೆ ಏನಾಗುತ್ತೆ ಹೇಳು?"

"ಅಲ್ಲೇ ಇರುತ್ತೆ."

"ಅಷ್ಟೇ. ಮುಂದೆ ಎಳೀತಾನೇ ಇರುತ್ತೆ, ಬೆನ್ನು ಅಂಟಿಕೊಂಡಿರುತ್ತೆ. ರಬ್ಬರಿನ ಹಂಗೆ ಉದ್ದ ಆಗುತ್ತೆ. ಹೋಗೋಕಾಗಲ್ಲ."

ಈ ಸಂಸ್ಥೆ ಮೂರು ವರ್ಷದಿಂದ ಹಿಂದೆ ಬಿದ್ದಿರುವುದು ಆ ಬಿಡಿಸುವ ಪ್ರೋಟೀನಿಗೆ. ಅದಕ್ಕೆ ಅಕ್ಷರ, ಅಂಕಿ ಕಲಸಿದ ಹೆಸರಿದೆ. ಅದನ್ನು ತಡೆದರೆ ಕ್ಯಾನ್ಸರ್ ಕಣ ಸಾಯುವುದಿಲ್ಲ, ಇದ್ದಲ್ಲೇ ಇರುತ್ತದೆ, ಎಂಬುದು ಅವರ ಎಣಿಕೆ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಇದು ಒಂದು ತೊಟ್ಟಿ ಪಾತ್ರೆ ತೊಳೆಯುವಷ್ಟರಲ್ಲಿ ಅರ್ಥವಾಯಿತು. ಇದೇ ಊರಿನ ಆಸ್ಪತ್ರೆಯಲ್ಲಿ ಚಿಕ್ಕಮ್ಮನ ತಂಗಿ ಮಹ್ಬೂಬಾಗೆ ಇಷ್ಟು ಹೇಳುವ ಪುರುಸೊತ್ತು ಒಬ್ಬರಿಗೂ ಇರಲಿಲ್ಲ. ಎದೆಯ ಗಂಟು ತೆಗೆದ ಹತ್ತು ತಿಂಗಳಿಗೆ ಬೆನ್ನುಮೂಳೆ ನೋವು ಎಂದು ಹಡಗು ಹತ್ತಿ ಬಂದವಳಿಗೆ ಅವರು ಹೇಳಿದ್ದು ಒಂದೇ ಪದ.

"ಹರಡಿದೆ ಅಂದ್ರು," ಚಿಕ್ಕಮ್ಮ ಹೇಳುತ್ತಾರೆ. "ಅವಳು ನನ್ನ ಕೇಳಿದಳು, ಅಕ್ಕಾ, ಎಣ್ಣೆ ಹರಡಿದ ಹಾಗಾ, ಸುದ್ದಿ ಹರಡಿದ ಹಾಗಾ ಅಂತ. ನನಗೇನು ಗೊತ್ತು ಆಗ? ಈಗ ಗೊತ್ತು. ನಡ್ಕೊಂಡು ಹೋಗಿತ್ತು. ಕೇಳೋಕೆ ಅವಳಿಲ್ಲ." ತಂಗಿ ತೀರಿಕೊಂಡ ವರ್ಷವೇ ಅವರು ಇಲ್ಲಿ ನೆಲ ಒರೆಸಲು ಸೇರಿದ್ದು.

ಈಗ ಬಾಗಿಲ ಮೇಲಿನ ಕಾಗದದ ವಿಚಾರ.

ಕಣಗಳಿಗೆ ಊಟ ಹಾಕಿದರೆ ಅವು ನಡೆಯುವುದಷ್ಟೇ ಅಲ್ಲ, ಒಂದು ಎರಡಾಗಿ ಹೆಚ್ಚುತ್ತವೆ. ಹೆಚ್ಚಿದರೂ ದಾರಿ ತುಂಬುತ್ತದೆ. ಆಗ ನಡೆದು ತುಂಬಿತೋ, ಹುಟ್ಟಿ ತುಂಬಿತೋ ತಿಳಿಯುವುದಿಲ್ಲ. ಅದಕ್ಕೆ ಗೆರೆ ಎಳೆಯುವ ಹಿಂದಿನ ದಿನದಿಂದ ಪರೀಕ್ಷೆ ಮುಗಿಯುವ ತನಕ ಅವಕ್ಕೆ ಊಟ ಬೆರೆಸದ ಸಪ್ಪೆ ದ್ರವ ಮಾತ್ರ. ಚಿಕ್ಕಮ್ಮ ಅಂಥ ಬಟ್ಟಲುಗಳ ಮುಚ್ಚಳದ ಮೇಲೆ ನೀಲಿ ಪೆನ್ನಿನಲ್ಲಿ ಒಂದೇ ಪದ ಬರೆಯುತ್ತಾರೆ: ಉಪವಾಸ. ಹದಿನಾರು ವರ್ಷದಿಂದ ಹಾಗೇ. ಅದನ್ನು ಓದಿ ಯಾರೂ ತಪ್ಪು ತಿಳಿದದ್ದಿಲ್ಲ.

ಈ ರಮಜಾನಿನ ಮೊದಲ ವಾರ ಎಮ್ನಾ ಬಂದಳು. ಇಪ್ಪತ್ತಾರು ವರ್ಷ, ಗಣಿತ ಓದಿದವಳು, ಚಿತ್ರ ಅಳೆಯುವ ಲೆಕ್ಕಕ್ಕೆಂದು ಸೇರಿಸಿಕೊಂಡದ್ದು. ಬದುಕಿರುವ ಕಣವನ್ನು ಅವಳು ಅದಕ್ಕೂ ಮೊದಲು ಮುಟ್ಟಿದವಳಲ್ಲ. ಊಟ ಬದಲಿಸುವುದನ್ನು ಅರ್ಧ ಗಂಟೆ ತೋರಿಸಿಕೊಟ್ಟದ್ದಷ್ಟೇ. ಉಳಿದದ್ದನ್ನು ಯಾರನ್ನು ಕೇಳಲಿ ಎಂದರೆ, ವಿಭಾಗದ ಮುಖ್ಯಸ್ಥರು ಹೇಳಿದ್ದು, "ಆ ಕೆಲಸದಾಕೆಯನ್ನ ಕೇಳು." ಮುಖ್ಯಸ್ಥರ ಹೆಸರು ಪ್ರೊಫೆಸರ್ ಮುನ್ಸಿಫ್. ನ್ಯಾಯವಂತ ಎಂದು ಅರ್ಥ. ಹೆಸರಿಟ್ಟ ತಾಯ್ತಂದೆ ಏನೋ ಆಸೆಪಟ್ಟಿರಬೇಕು.

ರಮಜಾನಿನಲ್ಲಿ ಮಧ್ಯಾಹ್ನ ಎರಡಕ್ಕೆ ಎಲ್ಲರೂ ಮನೆಗೆ. ಸಂಜೆಯಿಂದ ಬೆಳಗಿನ ತನಕ ಚಿತ್ರ ತೆಗೆಯುವ ಪಾಳಿ ಹೊಸಬಳಾದ ಎಮ್ನಾಗೆ ಬಿತ್ತು. ಮೊದಲ ಸಂಜೆ, ಉಪವಾಸ ಬಿಡುವ ಹೊತ್ತಾಯಿತೆಂದು ಕೋಟೆಯ ಕಡೆ ಫಿರಂಗಿಯ ತೋಪು ಹಾರಿತು. ಅವಳು ಮೂರು ಖರ್ಜೂರ ತಿಂದು ನೀರು ಕುಡಿದಳು. ಆಮೇಲೆ ಬಟ್ಟಲುಗಳ ಕಡೆ ನೋಡಿದಳು. ಮುಚ್ಚಳದ ಮೇಲೆ ಉಪವಾಸ ಎಂದಿದೆ. ತೋಪು ಹಾರಿದೆ. ಹನ್ನೆರಡು ಬಟ್ಟಲಿಗೂ ಹೊಟ್ಟೆ ತುಂಬ ಊಟ ಹಾಕಿದಳು. ಬೆಳಗಿನ ಜಾವ ಚಿತ್ರ ತೆಗೆಯುವ ಮೊದಲು ಅದನ್ನು ಜೋಪಾನವಾಗಿ ಬಸಿದು ಮತ್ತೆ ಉಪವಾಸಕ್ಕೆ ಕೂರಿಸಿದಳು. ಎರಡನೇ ಸಂಜೆಯೂ ಹಾಗೇ.

ನಗು ಬರುತ್ತದಲ್ಲ? ನನಗೂ ಬಂತು. ನಮ್ಮೂರಿನವರು ಮಾತ್ರ ಮಾಡಬಹುದಾದ ತಪ್ಪು ಇದು. ಎಲ್ಲಾದರೂ ಬೇರೆ ದೇಶದಲ್ಲಿ ಉಪವಾಸ ಎಂದು ಬರೆದರೆ ಯಾರೂ ತೋಪಿಗೆ ಕಿವಿಗೊಡುವುದಿಲ್ಲ. ನಗು ನಿಂತದ್ದು ಆಮೇಲೆ.

ನಲವತ್ತೆಂಟು ಗಂಟೆಯ ಕೊನೆಗೆ ಎಲ್ಲ ದಾರಿಗಳೂ ಮುಚ್ಚಿದ್ದವು. ಪ್ರೋಟೀನು ತಡೆದ ಬಟ್ಟಲುಗಳಲ್ಲೂ. ಮೂರು ವರ್ಷದ ಎಣಿಕೆ ನೀರಿಗೆ ಬಿತ್ತು. ಪ್ರೊಫೆಸರು ಯಾಕೆ ಎಂದು ಕೇಳಲಿಲ್ಲ, ಯಾರು ಎಂದು ಕೇಳಿದರು. ಕಣಗಳನ್ನು ಮುಟ್ಟಿದ ಕೈಗಳಲ್ಲಿ ಹೆಸರಿಗೆ ಪದವಿ ಅಂಟಿರದ ಕೈ ಒಂದೇ. ಮಧ್ಯಾಹ್ನದೊಳಗೆ ಬಾಗಿಲಿಗೆ ಕಾಗದ ಬಿತ್ತು. "ಓದು ಬರಹ ನೆಟ್ಟಗಿಲ್ಲದವರ ಕೈಗೆ ವಿಜ್ಞಾನ ಕೊಟ್ಟಿದ್ದು ನಮ್ಮದೇ ತಪ್ಪು," ಎಂದು ಪ್ರೊಫೆಸರು ಮೊಗಸಾಲೆಯಲ್ಲಿ ನಿಂತು, ಚಿಕ್ಕಮ್ಮನಿಗೆ ಕೇಳಿಸುವ ಹಾಗೆ ಹೇಳಿದರು.

ಚಿಕ್ಕಮ್ಮ ತೊಳೆಯಲು ಕೆಳಗೆ ಬಂದ ಆ ಹನ್ನೆರಡು ಬಟ್ಟಲುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಕಣಗಳ ದ್ರವ ಗುಲಾಬಿ ಬಣ್ಣದ್ದು. ಕಣಗಳು ಚೆನ್ನಾಗಿ ತಿಂದು ಹೆಚ್ಚಿದರೆ ಅದು ಹಳದಿಗೆ ತಿರುಗುತ್ತದೆ. ಉಪವಾಸ ಇಟ್ಟ ಬಟ್ಟಲುಗಳು ಗುಲಾಬಿಯಾಗಿಯೇ ಇರಬೇಕಿತ್ತು. ಅವು ಹಳದಿ ಕಡೆ ತಿರುಗಿದ್ದವು. ಕೆಳಗಿನ ಮಹಡಿಯಲ್ಲಿ ಮೂಲೆಗೆ ಹಾಕಿದ ಹಳೆಯ ಸೂಕ್ಷ್ಮದರ್ಶಕವೊಂದಿದೆ. ಅದರಲ್ಲಿ ನೋಡಿದರು. ದಾರಿಯ ನಡುವೆ ಉದ್ದ ಬೆನ್ನಿನ ಕಣ ಒಂದೂ ಇಲ್ಲ. ಎಲ್ಲ ದುಂಡಗೆ, ಜೋಡಿ ಜೋಡಿ.

ಎಮ್ನಾಳನ್ನು ಕರೆದು ಕೇಳಿದಾಗ ನಾನು ಅಲ್ಲೇ ಖಾಲಿ ಸಿಲಿಂಡರ್ ಉರುಳಿಸುತ್ತಿದ್ದೆ.

"ಮಗಳೇ, ಇಲ್ಲಿ ನೋಡು. ಇವು ನಡ್ಕೊಂಡು ಬಂದಿಲ್ಲ. ಇಲ್ಲೇ ಹುಟ್ಟಿವೆ. ಇವಕ್ಕೆ ಊಟ ಹಾಕಿದ್ದು ಯಾರು?"

"ನಾನೇ ಚಿಕ್ಕಮ್ಮ. ತೋಪು ಹಾರಿತಲ್ಲ."

"ತೋಪು?"

"ನೀವೇ ಬರೆದಿದ್ರಿ ಉಪವಾಸ ಅಂತ. ಎರಡು ದಿನವೂ ಟೈಮಿಗೆ ಸರಿಯಾಗಿ ಬಿಡಿಸಿದೀನಿ. ಸಹರಿ ಹೊತ್ತು ಮುಗಿಯೋ ಮುಂಚೆ ತೆಗೆದೂ ಬಿಟ್ಟಿದೀನಿ."

ಚಿಕ್ಕಮ್ಮ ತೊಟ್ಟಿಯ ಅಂಚು ಹಿಡಿದುಕೊಂಡು ನಕ್ಕರು, ಕಣ್ಣಲ್ಲಿ ನೀರು ಬರುವ ತನಕ. "ಖರ್ಜೂರ ಯಾಕೆ ಬಿಟ್ಟೆ?" ಎಂದರು. ಆಮೇಲೆ ಅವಳ ಮುಖ ಬಿಳಿಚಿಕೊಂಡದ್ದು ಕಂಡು, "ಯಾರಿಗೂ ಹೇಳಬೇಡ. ನೀನು ಹೊಸಬಳು, ನಿನ್ನ ಕಿತ್ತು ಹಾಕ್ತಾರೆ. ನನಗೆ ಬಾಗಿಲು ಮಾತ್ರ ಮುಚ್ಚಿದಾರೆ," ಎಂದರು.

ಎಮ್ನಾ ಕೇಳಲಿಲ್ಲ. ಮಾರನೇ ದಿನ ಹೋಗಿ ಪ್ರೊಫೆಸರಿಗೆ ಎಲ್ಲ ಹೇಳಿದಳು. ಗಣಿತದವಳಲ್ಲವೇ, ತಪ್ಪು ಉತ್ತರ ಇಟ್ಟುಕೊಂಡು ನಿದ್ದೆ ಮಾಡಲು ಬರುವುದಿಲ್ಲ. ಅವರು ಹೇಳಿದ್ದು: ಸರಿ, ಪರೀಕ್ಷೆ ಮತ್ತೆ ಮಾಡೋಣ. ಆದರೆ ಮುಚ್ಚಳದ ಮೇಲೆ ಅಂಥ ಪದ ಬರೆದದ್ದು ಯಾರು? ಕಾಗದ ಅಲ್ಲೇ ಇರಲಿ. ಇನ್ನು ಮೇಲೆ ಮುಚ್ಚಳಗಳ ಮೇಲೆ ನಮ್ಮ ಭಾಷೆ ಬೇಡ, ಫ್ರೆಂಚ್ ಅಕ್ಷರ ಮಾತ್ರ.

ತಪ್ಪು ಯಾರದೆಂದು ಗೊತ್ತಾದ ಮೇಲೂ ಶಿಕ್ಷೆ ಬದಲಾಗಲಿಲ್ಲ. ಶಿಕ್ಷೆ ತಪ್ಪಿಗೆ ಕೊಟ್ಟದ್ದಾದರೆ ತಾನೇ ಬದಲಾಗುವುದು.

ಮತ್ತೆ ಪರೀಕ್ಷೆ ಮಾಡಬೇಕು ಎಂದಾಗ ನಾಲ್ಕು ಜನ ಗೆರೆ ಎಳೆದರು. ಇಬ್ಬರು ಡಾಕ್ಟರೇಟ್ ಮಾಡಿದವರು. ಒಬ್ಬರದ್ದು ಬೆಟ್ಟದ ದಾರಿ, ಒಬ್ಬರದ್ದು ಬೆಕ್ಕು ಪರಚಿದ ಹಾಗೆ. ಪ್ರೋಟೀನು ತಡೆದ ಕಣಗಳು ಎಷ್ಟು ಬೇಕೋ ಅಷ್ಟೇ ಬೆಳೆದಿದ್ದವು, ವಾರದೊಳಗೆ ಗೆರೆ ಬೀಳದಿದ್ದರೆ ಆ ಗುಂಪೆಲ್ಲ ಹಾಳು, ಮತ್ತೆ ತಯಾರಾಗಲು ಐದು ತಿಂಗಳು. ಆಗ ಬಂತು ಫೋನು, ಪ್ರೊಫೆಸರರ ಕಾರ್ಯದರ್ಶಿಯಿಂದ. ಬೆಳಗ್ಗೆ ಐದಕ್ಕೆ ಬರಬೇಕು. ಎಂಟರ ಒಳಗೆ ಕೆಳಗೆ ಇಳಿದಿರಬೇಕು. ಯಾರಿಗೂ ಕಾಣಿಸಿಕೊಳ್ಳಬಾರದು.

ನಾನಾಗಿದ್ದರೆ ಆ ಫೋನನ್ನು ಸಮುದ್ರಕ್ಕೆ ಎಸೆಯುತ್ತಿದ್ದೆ. ಚಿಕ್ಕಮ್ಮನಿಗೆ ಹಾಗೇ ಹೇಳಿದೆ.

"ನೀನು ಎಸೀತೀಯ," ಎಂದರು. "ಐದು ತಿಂಗಳು ಅಂದ್ರೆ ಏನು ಗೊತ್ತಾ ನಿನಗೆ? ಈಗ ಯಾವಳೋ ಒಬ್ಬಳು ಹಡಗಲ್ಲಿ ಬೆನ್ನು ಹಿಡ್ಕೊಂಡು ಕೂತಿರ್ತಾಳೆ. ಅವಳಿಗೆ ಪ್ರೊಫೆಸರು ಯಾರು, ನಾನ್ಯಾರು?"

ಆ ಗೆರೆಗಳೇ ಈ ಬೆಳಿಗ್ಗೆ ಬೀಳುತ್ತಿರುವುದು. ಹನ್ನೆರಡನೆಯದು ಮುಗಿಯುವಾಗ ಆರೂವರೆ. ಚಿಕ್ಕಮ್ಮ ಬಟ್ಟಲುಗಳನ್ನು ಬೆಚ್ಚನೆಯ ಪೆಟ್ಟಿಗೆಗೆ ಇಟ್ಟು, ಕೈಗವಸು ಕಳಚಿ, ಬೆನ್ನು ಹಿಡಿದುಕೊಂಡು ಏಳುತ್ತಾರೆ. ಎಮ್ನಾ ಎರಡು ದಿನ ಅಲ್ಲೇ ಚಾಪೆ ಹಾಸಿಕೊಳ್ಳುತ್ತಾಳೆ. ತೋಪು ಹಾರಿದಾಗ ಕೈ ಜೇಬಿನಲ್ಲಿ ಇಟ್ಟುಕೊಂಡಿರುತ್ತೇನೆ, ಅನ್ನುತ್ತಾಳೆ.

ಎರಡು ದಿನದ ಮೇಲೆ, ರಮಜಾನಿನ ಇಪ್ಪತ್ತನಾಲ್ಕು, ಬೆಳಿಗ್ಗೆ ಎಂಟೂವರೆ. ಪ್ರೊಫೆಸರ್ ಮುನ್ಸಿಫ್ ಪರದೆಯ ಮುಂದೆ ನಿಂತಿದ್ದಾರೆ. ಅವರ ಹಿಂದೆ ಬಿಳಿ ಕೋಟಿನವರು ಐದು ಜನ. ನಾನು ಸಿಲಿಂಡರ್ ಜೋಡಿಸುತ್ತಿದ್ದೇನೆ, ಸಿಲಿಂಡರ್ ತಂದವನನ್ನು ಯಾರೂ ನೋಡುವುದಿಲ್ಲ. ಚಿಕ್ಕಮ್ಮ ಹೊಸ್ತಿಲ ಆಚೆ, ಮೊಗಸಾಲೆಯಲ್ಲಿ, ಬಕೆಟ್ಟು ಒರೆಸುಕೋಲು ಹಿಡಿದು ಅದೇ ಎರಡು ಹಾಸುಗಲ್ಲನ್ನು ಹತ್ತು ನಿಮಿಷದಿಂದ ಒರೆಸುತ್ತಿದ್ದಾರೆ. ಒಳಗೆ ಕಾಲಿಡುವಂತಿಲ್ಲ. ಹೊಸ್ತಿಲು ಒರೆಸಬಹುದು.

ಪರದೆಯ ಮೇಲೆ ಮೊದಲು ಮಾಮೂಲಿ ಕಣಗಳ ಬಟ್ಟಲು. ದಾರಿ ಪೂರ್ತಿ ಮುಚ್ಚಿದೆ. ಆಮೇಲೆ ಪ್ರೋಟೀನು ತಡೆದದ್ದು. ದಾರಿ ತೆರೆದೇ ಇದೆ. ಎರಡು ಅಂಚಿನಲ್ಲೂ ಕಣಗಳು ದಾರದಂತೆ ಉದ್ದಕ್ಕೆ ಎಳೆದುಕೊಂಡಿವೆ, ಬೆನ್ನು ಅಂಟಿದೆ, ಒಂದೂ ದಾಟಿಲ್ಲ. ನಡುವೆ ಮೇಲಿನಿಂದ ಕೆಳಗೆ ಆ ಖಾಲಿ ಗೆರೆ, ನೂಲು ಹಿಡಿದು ಎಳೆದಷ್ಟು ನೇರ. ಪ್ರೋಟೀನು ತಡೆದ ಆರು ಬಟ್ಟಲಲ್ಲೂ ಹಾಗೇ.

ಹೊರಗೆ ಒರೆಸುಕೋಲು ನಿಂತಿದೆ.

"ಚೆನ್ನಾಗಿದೆ," ಅನ್ನುತ್ತಾರೆ ಪ್ರೊಫೆಸರು, ಕನ್ನಡಕ ತೆಗೆದು. "ಗೆರೆ ತುಂಬ ಚೆನ್ನಾಗಿದೆ. ಯಾರದು ಈ ಕೈ? ಲೇಖನದಲ್ಲಿ ಹಾಕಬೇಕಲ್ಲ ಹೆಸರು."

ಕರೆಸಿದ್ದು ಅವರ ಕಾರ್ಯದರ್ಶಿ. ಎಲ್ಲ ಗೊತ್ತಿದ್ದೇ ಕೇಳಿದರೋ, ಯಾರೋ ಕೋಟಿನವರು ತಮ್ಮದೆಂದು ಹೇಳಲಿ ಎಂದು ಕೇಳಿದರೋ, ದೇವರಿಗೇ ಗೊತ್ತು. ಐದು ಕೋಟುಗಳೂ ನೆಲ ನೋಡುತ್ತಿವೆ.

"ಹೆಸರು ಬಾಗಿಲ ಮೇಲಿದೆ ಸಾರ್," ಅನ್ನುತ್ತಾಳೆ ಎಮ್ನಾ. "ಪೂರ್ತಿ ಹೆಸರು. ಸ್ಪೆಲಿಂಗ್ ಕೂಡ ಸರಿಯಾಗಿದೆ."

ಪ್ರೊಫೆಸರು ಬಾಗಿಲ ಕಡೆ ತಿರುಗುತ್ತಾರೆ. ಅಲ್ಲಿ ಚಿಕ್ಕಮ್ಮ ನಿಂತಿದ್ದಾರೆ, ತಲೆಗೆ ಕಟ್ಟಿದ ವಸ್ತ್ರ ಸರಿಮಾಡಿಕೊಳ್ಳುತ್ತ. ಇವರು ನೋಡಿದರು, ಅವರು ನೋಡಿದರು. "ಹಬ್ಬ ಕಳೀಲಿ, ಮಾತಾಡೋಣ," ಎಂದು ಪ್ರೊಫೆಸರು ಒದ್ದೆ ನೆಲ ದಾಟಿ ಹೊರಟುಹೋಗುತ್ತಾರೆ. ಅಮೃತಶಿಲೆಯಾಗಿದ್ದರೆ ಜಾರಿ ಬೀಳುತ್ತಿದ್ದರು. ಇದು ಹಳೆಯ ಕಲ್ಲು.

ಕಾಗದ ಈ ಲೇಖನ ಅಚ್ಚಿಗೆ ಹೋಗುವ ಹೊತ್ತಿಗೂ ಅಲ್ಲೇ ಇದೆ. ಇಡೀ ಕಟ್ಟಡದಲ್ಲಿ ಜಾಜಿಯಾ ಬಿಂತ್ ಸಾಸಿ ಎಂಬ ಹೆಸರು ಮುದ್ರಣವಾಗಿರುವುದು ಅದೊಂದೇ ಕಡೆ. ಈ ಸಂಸ್ಥೆಯ ಹನ್ನೊಂದು ಲೇಖನಗಳಲ್ಲಿ ಅವರ ಗೆರೆಗಳ ಚಿತ್ರವಿದೆ, ಹೆಸರಿಲ್ಲ. ಕಿತ್ತು ಬಿಸಾಡಲೇ ಎಂದು ಕೇಳಿದರೆ ಚಿಕ್ಕಮ್ಮ ಬೇಡ ಅನ್ನುತ್ತಾರೆ. "ಅಂಟಿಸಿದ ಕೈಯೇ ತೆಗೀಬೇಕು. ನೀನು ತೆಗೆದ್ರೆ ಬಾಗಿಲು ಖಾಲಿ ಆಗುತ್ತೆ, ಅಷ್ಟೇ."

ಮತ್ತೇನು ಬೇಕು ನಿಮಗೆ ಎಂದು ಕೇಳಿದೆ. "ಒಂದು ಸಲ ಹಗಲು ಹೊತ್ತಿನಲ್ಲಿ ಎಳೀಬೇಕು. ಎಂಟು ಗಂಟೆಗೆ ಬಂದು, ಎಲ್ಲರಿಗೂ ಸಲಾಂ ಹೇಳಿ, ಎಲ್ಲರ ಎದುರು ಕೂತು. ಕದ್ದು ಬರೋದು ಕ್ಯಾನ್ಸರಿನ ಕೆಲಸ. ನನ್ನದಲ್ಲ."

ಫಲಿತಾಂಶ ಗಟ್ಟಿ ಮಾಡಿಕೊಳ್ಳಲು ಇದೇ ಪರೀಕ್ಷೆ ಇನ್ನೂ ಎರಡು ಸಲ ಆಗಬೇಕು. ಮತ್ತೆ ಫೋನು ಬಂದಿದೆ, ಮತ್ತೆ ಬೆಳಗಿನ ಐದು. ಚಿಕ್ಕಮ್ಮ ಗೆರೆ ಎಳೆದು ಮುಗಿಸುತ್ತಾರೆ. ಫ್ರೆಂಚ್ ಅಕ್ಷರದ ಚೀಟಿಗಳನ್ನು ಎಮ್ನಾ ಪಕ್ಕದಲ್ಲಿ ಇಟ್ಟಿದ್ದಾಳೆ. ಅವರು ಅವನ್ನು ಬದಿಗೆ ಸರಿಸಿ, ಜೇಬಿನಿಂದ ನೀಲಿ ಪೆನ್ನು ತೆಗೆದು, ಒಂದೊಂದೇ ಮುಚ್ಚಳದ ಮೇಲೆ ಹಳೆಯ ಪದವನ್ನೇ ಬರೆಯುತ್ತಾರೆ. ಉಪವಾಸ. ಈ ಸಲ ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು.

"ತೋಪು ಹಾರಿದರೂ ಬಿಡುವಂತಿಲ್ಲ."